ಅತ್ತೆಯ ಷಣ್ಮುಖ

"ನಿಲ್ಲಿಸ್ರೀ ಅದನ್ನ! ಮೊದ್ಲು ನಿಲ್ಲಿಸಿ!"

ಅಂಬುಜ ಅಡುಗೆಮನೆಯಿಂದ ಓಡಿ ಬಂದವಳೇ ಕೂಗಿದಳು. ಕೈಯಲ್ಲಿ ಹುಳಿಯ ಸೌಟು ಹಾಗೇ ಇತ್ತು.

ನಡುಮನೆಯಲ್ಲಿ ನಾಗಸ್ವರ ಮೊಳಗುತ್ತಿತ್ತು. ಚೇಳೂರಿನ ಆ ಮನೆ ಹುಟ್ಟಿದಾಗಿನಿಂದ ಅಷ್ಟು ದೊಡ್ಡ ಸದ್ದು ಕೇಳಿರಲಿಲ್ಲ. ಕಿಟಕಿ ಪಕ್ಕದ ಮಂಚದ ಮೇಲೆ ಅವಳ ಅಪ್ಪ ವೆಂಕಟೇಶಯ್ಯ ಮೇಷ್ಟ್ರು ಅಳುತ್ತಿದ್ದರು. ದಿಂಬು ಒದ್ದೆಯಾಗಿತ್ತು.

"ನಿಮಗೆ ಕಣ್ಣು ಕಾಣಲ್ವೇನ್ರೀ? ಅಪ್ಪ ಅಳ್ತಿದಾರೆ!"

ಸ್ಪೀಕರ್ ಪೆಟ್ಟಿಗೆಯ ಪಕ್ಕ ಮಂಡಿಯೂರಿ ಕೂತಿದ್ದ ಯುವಕ ತಲೆಯೆತ್ತಿದ. ಬ್ಯಾಟರಿಯ ಆಸಿಡ್ ಸಿಡಿದು ಅವನ ಷರಟಿನ ತೋಳಿನ ತುಂಬ ಸಣ್ಣ ಸಣ್ಣ ತೂತುಗಳಾಗಿದ್ದವು. ಬೈಗುಳ ತಿಂದರೂ ಅವನ ಮುಖದಲ್ಲಿ ಸಿಟ್ಟಿರಲಿಲ್ಲ.

"ಅಳ್ತಿದಾರೆ, ನಿಜ. ಆದ್ರೆ ಅವರ ಎಡಗೈ ಒಂದ್ಸಲ ನೋಡಿ…"

ಅಂಬುಜ ನೋಡಿದಳು.

ಅಪ್ಪನ ಎಡಗೈ ಬೆರಳುಗಳು ಮಂಚದ ಪಟ್ಟಿಯ ಮೇಲೆ ತಾಳ ಹಾಕುತ್ತಿದ್ದವು!

ಪಾರ್ಶ್ವವಾಯು ಬಡಿದ ದಿನದಿಂದ ಮೇಷ್ಟ್ರ ಬಲಭಾಗ ಸತ್ತ ಹಾಗೇ. ಮಾತು ಹೋಯಿತು, ಕಿವಿ ಮಂದವಾಯಿತು. ಊರಿಗೆಲ್ಲ ಪಾಠ ಹೇಳಿದ ಮನುಷ್ಯ ನೀರು ಬೇಕಾದರೂ ಮಗಳ ಮುಖ ನೋಡಬೇಕು. ಸಂಗೀತವೆಂದರೆ ಪ್ರಾಣ ಬಿಡುತ್ತಿದ್ದವರಿಗೆ ಹಳೆಯ ಗ್ರಾಮಫೋನಿನ ಸದ್ದು ಕಿವಿಗೇ ತಲುಪುತ್ತಿರಲಿಲ್ಲ. ಅಂಬುಜ ಪ್ಲೇಟು ಹಾಕುತ್ತಿದ್ದಳು, ಅವರು ಗೋಡೆ ನೋಡುತ್ತ ಮಲಗಿರುತ್ತಿದ್ದರು.

ಈಗ ಆ ಬೆರಳು ಏಳುತ್ತಿದೆ, ಬೀಳುತ್ತಿದೆ…

ಸೌಟು ಹಿಡಿದುಕೊಂಡೇ ಅಂಬುಜ ನೆಲದ ಮೇಲೆ ಕೂತುಬಿಟ್ಟಳು. ಅವಳಿಗೂ ಅಳು ಬಂತು. ಪರಗಂಡಸಿನ ಮುಂದೆ ಅಳಬಾರದು ಅನ್ನೋದೂ ಮರೆತುಹೋಯಿತು.

"ನಿಲ್ಲಿಸ್ಲಾ?" ಅಂತ ಅವನು ಮೆಲ್ಲಗೆ ಕೇಳಿದ.

"ಬೇಡ…!"

ಹೀಗೆ ಬೈಗುಳದಲ್ಲಿ ಶುರುವಾದ ಪರಿಚಯ ಅದು. ಅವನ ಹೆಸರು ಪಟ್ಟಾಭಿರಾಮ. ತುಮಕೂರಿನ ರೇಡಿಯೋ ಅಂಗಡಿಯೊಂದರಲ್ಲಿ ಕೆಲಸ. ಅಂಬುಜಳ ಅಣ್ಣ ಸೀತಾರಾಮ ತುಮಕೂರಿನ ಕೋರ್ಟಿನಲ್ಲಿ ಗುಮಾಸ್ತ. ಅಪ್ಪನಿಗೆ ಏನಾದರೂ ಮಾಡಿಕೊಡಿ ಎಂದು ಕೇಳಿ ಅವನೇ ಈತನನ್ನು ಕಳಿಸಿದ್ದ.

ಇದು ಅರವತ್ತಾರನೇ ಇಸವಿಯ ಮಾತು. ಅವರ ಬೀದಿಗೆ ಕರೆಂಟಿನ ಕಂಬ ಇನ್ನೂ ಬಂದಿರಲಿಲ್ಲ. ಹಾಗಾಗಿ ಪಟ್ಟಾಭಿ ಹಳೆಯ ಕೀಲಿ ಗ್ರಾಮಫೋನಿಗೇ ಪ್ಲೇಟಿನ ಸದ್ದು ಹಿಡಿಯುವ ಹೊಸ ಪಿಕಪ್ ಕೂರಿಸಿ, ಅದರ ವೈರನ್ನು ತಾನೇ ಕಟ್ಟಿದ ಪುಟ್ಟ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೆ ಕೊಟ್ಟಿದ್ದ. ಆಂಪ್ಲಿಫೈಯರಿಗೆ ಜೀವ ಕೊಡುವುದು ಒಂದು ಕಾರಿನ ಬ್ಯಾಟರಿ. ದೊಡ್ಡ ಮರದ ಪೆಟ್ಟಿಗೆಯೊಳಗೆ ಸ್ಪೀಕರು.

"ಇದಕ್ಕೆ ಹೈ-ಫೈ ಅಂತಾರೆ," ಎಂದ ಹೆಮ್ಮೆಯಿಂದ.

"ಏನೋಪ್ಪ, ಸದ್ದಂತೂ ಗಟ್ಟಿಯಾಗಿದೆ," ಎಂದರು ಬಾಗಿಲಲ್ಲಿ ನಿಂತಿದ್ದ ಅಲಮೇಲತ್ತೆ.

ಅಲಮೇಲಮ್ಮ ಮೇಷ್ಟ್ರ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅಮೃತೂರಿನ ಅತ್ತೆಮನೆಯಲ್ಲಿ ಎಲ್ಲರೂ ಉಂಡ ಮೇಲೆ ತಳ ಕೆರೆದು ಉಣ್ಣುವ ಬಾಳು ಬಾಳಿ, ಕೊನೆಗೆ ಅಣ್ಣನ ಮನೆ ಸೇರಿದವರು. ತಾಯಿಯಿಲ್ಲದ ಅಂಬುಜಳನ್ನು ಬೆಳೆಸಿದವರು ಅವರೇ. ಆ ಮನೆಯಲ್ಲಿ ಅವರಿಗಿದ್ದ ಒಂದೇ ಆಸ್ತಿ ಅಂದರೆ ಮಡಿ. ಅದರ ತಂಟೆಗೆ ಮಾತ್ರ ಯಾರೂ ಹೋಗುವ ಹಾಗಿರಲಿಲ್ಲ!

ಬ್ಯಾಟರಿಯನ್ನು ದೇವರ ಮನೆಯ ಪಕ್ಕದ ಮೂಲೆಯಲ್ಲಿ ಮಣೆಯ ಮೇಲೆ ಇಟ್ಟಾಗ ಅತ್ತೆ ಬಗ್ಗಿ ನೋಡಿದರು. ಮೇಲೆ ಆರು ಮುಚ್ಚಳ, ಒಳಗೆ ಆರು ತೂತು.

"ಇದೇನೇ ಅಂಬುಜ, ಆರು ಬಾಯಿ! ಷಣ್ಮುಖ ಇದ್ದ ಹಾಗಿದೆ."

ಅವತ್ತಿನಿಂದ ಬ್ಯಾಟರಿಯ ಹೆಸರು ಷಣ್ಮುಖ.

ಹೊರಡುವ ಮುಂಚೆ ಪಟ್ಟಾಭಿ ಅಂಬುಜಳ ಕೈಗೆ ಒಂದು ಬಾಟಲಿ ಕೊಟ್ಟ. "ನೋಡಿ, ಒಳಗಿನ ನೀರು ಕಮ್ಮಿಯಾದ್ರೆ ಈ ಡಿಸ್ಟಿಲ್ಡ್ ನೀರು ಮಾತ್ರ ಹಾಕ್ಬೇಕು. ನೀವೇ ಹಾಕಿ. ಬೇರೆ ನೀರು ಸೋಕಿಸ್ಬೇಡಿ. ನಿಮ್ಮೂರ ಬಾವಿ ನೀರಲ್ಲಿ ಬೇಳೆನೇ ಬೇಯಲ್ಲ, ಇನ್ನು ಬ್ಯಾಟರಿ ಬದುಕತ್ತಾ?"

"ಆಗ್ಲಿ. ನಾನೇ ಹಾಕ್ತೀನಿ," ಎಂದಳು ಅಂಬುಜ.

ಆ ಮಾತನ್ನು ಅವಳು ಉಳಿಸಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ…

* * *

ಬ್ಯಾಟರಿಯ ಕಸುವು ಇಳಿದಾಗಲೆಲ್ಲ ಅದನ್ನು ಗುಬ್ಬಿಗೆ ಒಯ್ದು, ಬಸ್ ಸ್ಟ್ಯಾಂಡ್ ಹತ್ತಿರದ ಲಾಲ್ ಸಾಬರ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಬೇಕು. ಬಸ್ಸಿನ ಕಂಡಕ್ಟರ್ ಬೆಟ್ಟಸ್ವಾಮಿಯ ಕೈಗೆ ಕೊಟ್ಟರೆ ಅವನೇ ಒಯ್ದು ತರುತ್ತಿದ್ದ. ಊರಲ್ಲಿ ಎಲ್ಲರೂ ಮಾಡುವುದು ಹಾಗೇ.

ಆದರೆ ಪಟ್ಟಾಭಿ ಮಾತ್ರ ಭಾನುವಾರ ತಾನೇ ತುಮಕೂರಿನಿಂದ ಬಂದು, ತಾನೇ ಹೊತ್ತೊಯ್ದು, ತಾನೇ ತಂದು ಕೂರಿಸುತ್ತಿದ್ದ.

"ಕಂಡಕ್ಟರ್ ಕೈಲಿ ಕೊಟ್ರೆ ಆಸಿಡ್ ಚೆಲ್ಲಿಬಿಡ್ತಾರೆ," ಅನ್ನುತ್ತಿದ್ದ.

ಬೆಟ್ಟಸ್ವಾಮಿ ಮೀಸೆಯಡಿ ನಗುತ್ತಿದ್ದ. "ಆಸಿಡ್ಡಲ್ಲ ಬುಡಿ ಸ್ವಾಮಿ, ಚೆಲ್ಲೋದು ಬೇರೇನೋ ಐತೆ!"

ಒಂದು ಭಾನುವಾರ ಪಟ್ಟಾಭಿ ಆಂಪ್ಲಿಫೈಯರಿನ ಸ್ವಿಚ್ಚು ಹಾಕಿ, ಪ್ಲೇಟು ಹಾಕದೆ ಸುಮ್ಮನೆ ಕೂತ.

"ಸ್ವಿಚ್ ಹಾಕಿದೀನಿ. ಏನು ಕೇಳಿಸ್ತು?"

ಅಂಬುಜ ಸ್ಪೀಕರಿನ ಹತ್ತಿರ ಬಗ್ಗಿ ಕಿವಿಗೊಟ್ಟಳು. "ಏನೂ ಇಲ್ಲ…"

"ಅದೇ ಇದರ ಹೆಚ್ಚುಗಾರಿಕೆ! ತುಮಕೂರಲ್ಲಿ ದೊಡ್ಡೋರ ಮನೆ ಕರೆಂಟ್ ಸೆಟ್ ಇದೆಯಲ್ಲ, ಸ್ವಿಚ್ ಹಾಕಿದ ಕೂಡ್ಲೆ ಗುಂಯ್ ಅನ್ನತ್ತೆ. ಹಾಡು ಮುಗಿದ್ರೂ ಗುಂಯ್. ಬ್ಯಾಟರಿಗೆ ಆ ರೋಗ ಇಲ್ಲ. ಹಾಡಿಗೆ ಮುಂಚೆ ಎಷ್ಟು ನಿಶ್ಶಬ್ದ ನೋಡಿ."

ಆ ನಿಶ್ಶಬ್ದದಲ್ಲಿ ಇಬ್ಬರ ತಲೆಯೂ ಸ್ಪೀಕರಿನ ಹತ್ತಿರ ಬಗ್ಗಿತ್ತು. ಅವನ ಉಸಿರು ಅವಳಿಗೆ ಕೇಳಿಸಿತು. ತನ್ನ ಎದೆಬಡಿತ ಅವನಿಗೂ ಕೇಳಿಸಿತೇನೋ ಎಂದು ಹೆದರಿ ಅವಳು ದಡಬಡಿಸಿ ಎದ್ದಳು.

'ಇದೆಲ್ಲ ನನಗಲ್ಲ…' ಎಂದುಕೊಂಡಳು ಬಾವಿಕಟ್ಟೆಯಲ್ಲಿ ನಿಂತು. 'ಅಪ್ಪನನ್ನ ಬಿಟ್ಟು ನಾನು ಎಲ್ಲಿಗೆ ಹೋಗಲಿ? ಹೀಗೆ ಬರ್ತಾ ಇರ್ಲಿ, ಅಷ್ಟೇ ಸಾಕು. ದೇವರೇ, ಅಷ್ಟನ್ನಾದ್ರೂ ಕಿತ್ಕೋಬೇಡ.'

ಅಪ್ಪನನ್ನು ತಿರುಗಿಸಿ ಮಲಗಿಸುವುದು, ಒರೆಸುವುದು, ಉಣಿಸುವುದು. ಅವಳಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಒಂದು ದಿನ ಅತ್ತೆಯೇ ಅಂದರು, "ಷಣ್ಮುಖನ ನೀರಿನ ಕೆಲಸ ನನಗೆ ಬಿಡೇ. ನೀನು ಅಪ್ಪನ್ನ ನೋಡ್ಕೋ."

ಅಂಬುಜ ಬಿಟ್ಟಳು. ಬಾಟಲಿ ಎಲ್ಲಿದೆ ಎಂದು ಕೇಳಲೂ ಇಲ್ಲ.

* * *

ಮಾಘ ಮಾಸದಲ್ಲಿ ಹಾಡು ಸೊರಗತೊಡಗಿತು. ಚಾರ್ಜು ಮಾಡಿಸಿ ತಂದ ಬ್ಯಾಟರಿ ಮರುದಿನವೇ ಸುಸ್ತು. ಕೊನೆಗೊಂದು ಬೆಳಿಗ್ಗೆ ಸ್ವಿಚ್ಚು ಹಾಕಿದರೆ ಏನೂ ಇಲ್ಲ. ಪ್ಲೇಟು ಸುಮ್ಮನೆ ತಿರುಗುತ್ತಿತ್ತು. ಅಪ್ಪನ ಬೆರಳು ಗಾಳಿಯಲ್ಲೇ ಕಾಯುತ್ತಿತ್ತು.

ಅಪ್ಪ ಅವಳ ಮುಖ ನೋಡಿದರು. 'ಹಾಕಮ್ಮ' ಅನ್ನುವ ಹಾಗೆ.

"ಕೆಟ್ಟೋಗಿದೆ ಅಪ್ಪ… ಸರಿ ಮಾಡ್ತಾರೆ. ಸ್ವಲ್ಪ ತಾಳಿ."

ಅವರು ಮತ್ತೆ ನೋಡಿದರು. ಎಷ್ಟು ಹೇಳಿದರೂ ಅದೇ ನೋಟ! ಅಂಬುಜ ಮುಖ ತಿರುಗಿಸಿಕೊಂಡಳು.

ಆ ಭಾನುವಾರ ಅಣ್ಣ ಸೀತಾರಾಮನೂ ಬಂದಿದ್ದ, ಪಟ್ಟಾಭಿಯೂ ಬಂದ. ಅಣ್ಣ ಅವನನ್ನು ಕೂರಲೂ ಹೇಳಲಿಲ್ಲ.

"ಏನ್ರೀ, ಹಳೇ ಬ್ಯಾಟರಿಗೆ ಬಣ್ಣ ಬಳಿದು ಹೊಸದು ಅಂತ ಕೊಟ್ರೇನು? ಮಲಗಿರೋ ಮುದುಕರು, ಹೆಂಗಸರು, ಯಾರೂ ಕೇಳಲ್ಲ ಅಂದ್ಕೊಂಡ್ರಾ?"

ಪಟ್ಟಾಭಿ ಬ್ಯಾಟರಿಯ ಮುಚ್ಚಳ ಬಿಚ್ಚಿದ. ಒಳಗೆ ಬಗ್ಗಿ ನೋಡಿದ. ತೂತಿನ ಅಂಚಿಗೆ ಬಿಳಿ ಉಪ್ಪು ಕಟ್ಟಿತ್ತು. ನೀರು ಕಂದಿತ್ತು.

ಅವನು ತಲೆಯೆತ್ತಿ ಅಂಬುಜಳನ್ನು ನೋಡಿದ. ಒಂದೇ ಒಂದು ಸಲ. ಆ ನೋಟದಲ್ಲಿ ಏನೋ ಪ್ರಶ್ನೆಯಿತ್ತು. ಆದರೆ ಅಪ್ಪನ ಕಾಯುವ ಬೆರಳನ್ನು ವಾರವೆಲ್ಲ ನೋಡಿ ಬೆಂದುಹೋಗಿದ್ದ ಅಂಬುಜಳಿಗೆ ಅದು ಅರ್ಥವಾಗಲಿಲ್ಲ.

"ಹೇಳಿ!" ಎಂದಳು. "ಅಪ್ಪನಿಗೆ ಆಸೆ ತೋರಿಸಿ ಹೀಗೆ ಮಾಡಬಹುದಾ? ಇದಕ್ಕಿಂತ ಏನೂ ಕೊಡದೆ ಇದ್ದಿದ್ರೇ ಚೆನ್ನಾಗಿತ್ತು. ನೀವು ನಮಗೆ ಮೋಸ ಮಾಡಿದ್ರಿ!"

ಅವನ ಮುಖ ಬಿಳಿಚಿಕೊಂಡಿತು. ಮುಚ್ಚಳಗಳನ್ನು ಒಂದೊಂದಾಗಿ ಹಾಕಿದ.

"ತಪ್ಪು ನಂದೇ," ಎಂದ ಕೊನೆಗೆ. ಬ್ಯಾಟರಿಯನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು ಹೋದ. ತಿರುಗಿ ನೋಡಲಿಲ್ಲ.

"ನೋಡಿದ್ಯಾ? ಒಪ್ಕೊಂಡ!" ಎಂದ ಅಣ್ಣ.

ಅಂಬುಜಳಿಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

* * *

ಅದಾದ ಮೇಲೆ ಒಂದು ಬೆಳಿಗ್ಗೆ ಅತ್ತೆ ಪೂಜೆ ಮುಗಿಸಿ ಪಂಚಪಾತ್ರೆ, ತೀರ್ಥ ಹಾಕುವ ಉದ್ಧರಣೆ ಚಮಚ ಹಿಡಿದು ಹೊರಗೆ ಬಂದರು. ಎಂದಿನ ಅಭ್ಯಾಸದಿಂದ ಮೂಲೆಯ ಕಡೆ ನಡೆದು, ಬರಿಯ ಮಣೆ ನೋಡಿ ನಿಂತರು.

"ಷಣ್ಮುಖ ಯಾವಾಗ ಬರ್ತಾನೇ ಅಂಬುಜ? ದಿನಾ ಆರು ಬಾಯಿಗೂ ಒಂದೊಂದು ಉದ್ಧರಣೆ ನೀರು ಬಿಡ್ತಿದ್ದೆ. ಈಗ ಕೈ ಸುಮ್ನಿರಲ್ಲ."

ಅಂಬುಜ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದಳು.

"ಅತ್ತೆ… ಬಾಟಲಿ ನೀರು ತಾನೇ?"

"ಥೂ! ಆ ಬಾಟಲಿ ಮೂಸಿ ನೋಡಿದೀಯಾ? ಯಾರೋ ಬ್ರಾಂದಿ ಕುಡಿದು ಬಿಸಾಕಿದ ಬಾಟಲಿ ಅದು! ದೇವರ ಮನೆ ಪಕ್ಕ ಇರೋದಕ್ಕೆ ಆ ನೀರು ಹಾಕ್ತಾರೇನೇ? ಅವತ್ತೇ ಹಿತ್ತಲಿಗೆ ಚೆಲ್ಲಿದೆ. ನಾನು ಹಾಕಿದ್ದು ಮಡೀಲಿ ಸೇದಿದ ಬಾವಿ ನೀರು. ಪಾಪ, ನಿನ್ನಪ್ಪನಿಗೆ ಹಾಡು ಹೇಳೋ ದೇವರು…"

ಅಂಬುಜ ಬರಿಯ ಮಣೆಯ ಕಡೆ ನೋಡಿದಳು.

ಬಿಳಿ ಉಪ್ಪು… ಅವನ ಆ ನೋಟ… ಅವನಿಗೆ ಗೊತ್ತಾಗಿತ್ತು! ಗೊತ್ತಾಗಿಯೂ 'ತಪ್ಪು ನಂದೇ' ಎಂದು ಹೋದ. ಯಾಕೆ?

'ನಾನೇ ಬಾವಿ ನೀರು ಹಾಕಿದೆ ಅಂದ್ಕೊಂಡ. ಅಣ್ಣ ನನ್ನ ಬೈಬಾರದು ಅಂತ… ಅಯ್ಯೋ! ನಾನು ಅವನನ್ನ ಮೋಸಗಾರ ಅಂದೆ!'

ಹೇಳಿಬಿಡೋಣ ಅಂದರೆ ಹೇಗೆ ಹೇಳುವುದು? ಹಿಂದಿನ ವರ್ಷ ಬಚ್ಚಲಲ್ಲಿ ಬಿದ್ದ ಅಣ್ಣನ ಕೈಗಡಿಯಾರವನ್ನು ಅತ್ತೆ ಹುಣಸೇಹಣ್ಣು ಹಾಕಿ ತೊಳೆದು ಬಿಸಿಲಿಗೆ ಇಟ್ಟಿದ್ದರು. ಅವತ್ತು ಅಣ್ಣ ಕೂಗಾಡಿದ್ದ, "ಈ ಮಡಿ ಹುಚ್ಚಿಗೆ ಇನ್ನೊಂದು ವಸ್ತು ಹಾಳಾಗ್ಲಿ, ಅತ್ತೆನ ಅಮೃತೂರಿಗೇ ವಾಪಸ್ ಬಿಟ್ಟು ಬರ್ತೀನಿ!" ಅಣ್ಣ ಅಂದದ್ದನ್ನು ಮಾಡುವವನೇ.

ಸತ್ಯ ಹೇಳಿದರೆ ಅತ್ತೆ ಬೀದಿಪಾಲು. ಹೇಳದಿದ್ದರೆ ಅವನು ಕಳ್ಳ. ಈ ಕಡೆ ಅಪ್ಪನ ಬೆರಳು ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅಂಬುಜ ಸೌದೆ ಒಲೆಯ ಮುಂದೆ ಕೂತು ಹೊಗೆಯ ನೆಪದಲ್ಲಿ ಅತ್ತಳು.

ಆ ಮಧ್ಯಾಹ್ನ ಬೆಟ್ಟಸ್ವಾಮಿ ಜಗಲಿಯಲ್ಲಿ ನಿಂತು ಹೇಳಿದ. "ಗೊತ್ತಾಯ್ತೇನವ್ವಾ? ಪಟ್ಟಾಭಿಯಪ್ಪನ್ನ ಅಂಗಡಿಯಿಂದ ತೆಗ್ದವ್ರೆ. ನಿಮ್ಮಣ್ಣೋರು ಬಂದು ಗಲಾಟೆ ಮಾಡಿದ್ರಂತೆ. ಈಗ ಗುಬ್ಬೀಲಿ ಲಾಲ್ ಸಾಬ್ರ ತಾವ ಬ್ಯಾಟರಿ ಚಾರ್ಜು ಮಾಡ್ಕೊಂಡವ್ನೆ. ಕೇಳಿದ್ರೆ ಬಾಯೇ ಬುಡಲ್ಲ."

"ಅವರ ತಪ್ಪಲ್ಲ ಬೆಟ್ಟಸ್ವಾಮಿ! ಬ್ಯಾಟರಿ ಕೆಟ್ಟಿದ್ದು ನೀರಿಂದ. ಅವರ ತಪ್ಪಿಲ್ಲ ಅಂತ ಹೇಳು…"

"ಯಾರು ಹಾಕಿದ್ರವ್ವಾ ನೀರು?"

ಅಂಬುಜ 'ನಾನೇ' ಅನ್ನಲು ಹೊರಟಳು. ಅಷ್ಟರಲ್ಲಿ ಬಾಗಿಲ ಹಿಂದೆ ಏನೋ ಸಣ್ಣ ಸದ್ದಾಯಿತು. ತಿರುಗಿ ನೋಡಿದರೆ ಅತ್ತೆ. ಕೈಯಲ್ಲಿದ್ದ ಉದ್ಧರಣೆ ನೆಲಕ್ಕೆ ಬಿದ್ದಿತ್ತು.

ಅವತ್ತು ಅತ್ತೆ ಊಟ ಮಾಡಲಿಲ್ಲ. ಮೇಷ್ಟ್ರ ಮಂಚದ ಕಾಲಬಳಿ ಕೂತು, ಅಲ್ಲಾಡದ ಆ ಬೆರಳನ್ನೇ ನೋಡುತ್ತಿದ್ದರು.

* * *

ಮರುದಿನ ಅಪ್ಪನಿಗೆ ಸ್ನಾನ ಮಾಡಿಸಿ ಬರುವಷ್ಟರಲ್ಲಿ ಅತ್ತೆ ಮನೆಯಲ್ಲಿರಲಿಲ್ಲ.

ದೇವರ ಮನೆಯಲ್ಲಿಲ್ಲ, ಹಿತ್ತಲಲ್ಲಿಲ್ಲ. ಅಂಬುಜ ಬಾವಿಯ ಹತ್ತಿರ ಓಡಿ, ಕಲ್ಲು ಹಿಡಿದು, ಉಸಿರು ಬಿಗಿಹಿಡಿದು ಒಳಗೆ ಬಗ್ಗಿ ನೋಡಿದಳು. ನೀರಿನಲ್ಲಿ ಅವಳ ಮುಖವೊಂದೇ ಕಂಡಿತು.

"ಅತ್ತೇ…!"

ಹುಡುಕಲು ಹೋಗೋಣವೆಂದರೆ ಅಪ್ಪನನ್ನು ಒಬ್ಬರನ್ನೇ ಬಿಡುವ ಹಾಗಿಲ್ಲ. ಹೊಸ್ತಿಲ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ಅವಳು ನಿಂತೇ ಇದ್ದಳು. ತನ್ನ ಬಾಳೆಲ್ಲ ಹೀಗೇ ಈ ಹೊಸ್ತಿಲ ಮೇಲೆ ಕಳೆದುಹೋಗುತ್ತದೆ ಅನ್ನಿಸಿತು.

ಹೊತ್ತು ಇಳಿದ ಮೇಲೆ ಗುಬ್ಬಿ ಬಸ್ಸು ಬಂತು. ಬೀದಿಯ ತಿರುವಿನಲ್ಲಿ ಮಡಿಯ ಕೆಂಪು ಸೀರೆಯ ಸೆರಗು ಕಂಡಿತು. ಅತ್ತೆ! ಹುಟ್ಟಿ ಬುದ್ಧಿ ಬಂದಾಗಿನಿಂದ ಮಡಿ ಕೆಡುತ್ತದೆಂದು ಬಸ್ಸಿನ ನೆರಳನ್ನೂ ಸೋಕಿಸಿಕೊಳ್ಳದ ಅಲಮೇಲತ್ತೆ, ಧೂಳು ತುಂಬಿದ ಕಾಲಲ್ಲಿ ನಡೆದು ಬರುತ್ತಿದ್ದರು. ಹಿಂದೆ ಎದೆಗೆ ಬೇರೊಂದು ಬ್ಯಾಟರಿ ಅವಚಿಕೊಂಡು ಪಟ್ಟಾಭಿ.

ಅಂಬುಜ ಓಡಿಹೋಗಿ ಅತ್ತೆಯನ್ನು ತಬ್ಬಿಕೊಂಡಳು. ಮೈಲಿಗೆ ಎಂದು ಅತ್ತೆ ದೂರ ಸರಿಯಲಿಲ್ಲ.

"ಎಲ್ಲಿಗೆ ಹೋಗಿದ್ರಿ ಅತ್ತೆ? ನನ್ನ ಜೀವಾನೇ ಹೋಗಿತ್ತು!"

"ಲಾಲ್ ಸಾಬರ ಶೆಡ್ಡಿಗೆ. ಪುಣ್ಯಾತ್ಮ, ನೀರು ಕುಡಿಯಲ್ಲ ಅಂತ ಗೊತ್ತಾಗಿ ಎಳನೀರು ಕೆತ್ತಿಸಿ ಕೊಟ್ಟ," ಎಂದರು ಅತ್ತೆ. "ಬಸ್ಸಲ್ಲಿ ಹೋಗ್ತಾ ಎಲ್ಲರಿಗೂ ಕೇಳೋ ಹಾಗೆ ಹೇಳಿದೀನಿ ಕಣೇ. ಬ್ಯಾಟರಿ ಹಾಳು ಮಾಡಿದ್ದು ನಾನು, ಈ ಹುಡುಗ ಅಲ್ಲ ಅಂತ. ಬೆಟ್ಟಸ್ವಾಮಿಯ ಬಸ್ಸಲ್ಲಿ ಹೇಳಿದ ಮೇಲೆ ತುಮಕೂರಿಗೆ ಬೇರೆ ಹೇಳ್ಬೇಕಾ? ನಿನ್ನಣ್ಣನ ಕಿವಿಗೂ ಬಿದ್ದಿರತ್ತೆ."

"ಅತ್ತೆ! ಅಣ್ಣ ನಿಮ್ಮನ್ನ…"

"ಅಮೃತೂರಿಗೆ ಕಳಿಸ್ತಾನೆ. ಕಳಿಸ್ಲಿ ಬಿಡು. ಅಲ್ಲಿ ಉಪವಾಸ ಬಿದ್ರೂ ಬೀಳ್ತೀನಿ. ನನ್ನಣ್ಣನ ಬೆರಳು ನನ್ನ ಕೈಯಾರೆ ನಿಲ್ಸಿದೆನಲ್ಲೇ… ಅದನ್ನ ನೋಡ್ಕೊಂಡು ಇಲ್ಲಿ ಅನ್ನ ಹ್ಯಾಗೆ ಉಣ್ಲಿ?" ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅಂಬುಜ ಕಣ್ಣೊರೆಸಿಕೊಂಡಳು. "ನೀವೆಲ್ಲೂ ಹೋಗಲ್ಲ. ನೀವು ಈ ಮನೆ ಮೆಟ್ಟಿಲಿಳಿದ್ರೆ ನಿಮ್ಮ ಜೊತೆ ನಾನೂ ಇಳೀತೀನಿ. ಅಪ್ಪನ್ನ ಅಣ್ಣನೇ ನೋಡ್ಕೊಳ್ಲಿ. ಅಣ್ಣ ಬಂದ್ರೆ ಈ ಮಾತು ನಾನೇ ಹೇಳ್ತೀನಿ!"

ಅಂಥ ಧ್ವನಿ ತನ್ನಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ.

"ಅಮ್ಮ ಹೋಗೋ ಹಾಗೇ ಇಲ್ಲ," ಎಂದ ಪಟ್ಟಾಭಿ. "ನಾವು ಬಸ್ಸಲ್ಲೇ ಒಂದು ಕರಾರು ಮಾಡ್ಕೊಂಡಿದೀವಿ. ಮಡೀಲಿ ನೀರು ಕುದಿಸಿ, ಹಬೆ ಮೇಲಿನ ತಣ್ಣನೆ ತಟ್ಟೆಗೆ ತಾಕಿ ಹನಿ ಆಗತ್ತಲ್ಲ, ಆ ಹನಿ ಹಿಡಿದು ಗಾಜಿನ ಪಾತ್ರೇಲಿ ಇಡೋದು. ಅದೇ ಡಿಸ್ಟಿಲ್ಡ್ ನೀರು. ಬ್ರಾಂದಿ ಬಾಟಲಿ ಬೇಡ, ಬಾವಿ ನೀರೂ ಬೇಡ."

"ಹಬೆಗೆ ಮೈಲಿಗೆ ಇಲ್ಲ ಕಣೇ," ಎಂದು ಅತ್ತೆ ಗಂಭೀರವಾಗಿ ಹೇಳಿ, ಕಾಲು ತೊಳೆಯಲು ಬಚ್ಚಲಿಗೆ ಹೋದರು.

* * *

ನಡುಮನೆಯಲ್ಲಿ ಪಟ್ಟಾಭಿ ಮಣೆಯ ಮೇಲೆ ಬ್ಯಾಟರಿ ಇಟ್ಟು ವೈರು ಕಟ್ಟುತ್ತಿದ್ದ. ಅಂಬುಜ ಕಂಬಕ್ಕೆ ಒರಗಿ ನಿಂತಿದ್ದಳು. ಕ್ಷಮೆ ಕೇಳಬೇಕು… ಆದರೆ ಬಾಯಿಗೆ ಬಂದದ್ದು ಬೇರೆ ಮಾತು.

"ಯಾಕೆ ಹೇಳ್ಲಿಲ್ಲ ನೀವು? ಅವತ್ತೇ ಗೊತ್ತಾಗಿತ್ತಲ್ಲ?"

"ಗೊತ್ತಾಗಿತ್ತು." ಅವನು ತಲೆಯೆತ್ತಲಿಲ್ಲ. "ನೀವೇ ಹಾಕಿದ್ದು ಅಂದ್ಕೊಂಡೆ. ನನ್ನ ಮಾತು ನಿಮಗೆ ಅಷ್ಟು ಹಗುರಾನಾ ಅಂತ ತುಂಬ ನೋವಾಯ್ತು. ಆದ್ರೆ ನಿಮ್ಮಣ್ಣನ ಮುಂದೆ ನಿಮ್ಮ ಹೆಸರು ಹೇಳೋಕೆ ನಾಲಿಗೆ ಬರ್ಲಿಲ್ಲ."

"ನಾನು ನಿಮ್ಮನ್ನ ಮೋಸಗಾರ ಅಂದೆ…"

"ಅಂದ್ರಿ. ಕೆಲಸ ಹೋದಾಗ್ಲೂ ಅಷ್ಟು ನೋವಾಗ್ಲಿಲ್ಲ."

ಅಂಬುಜ ಕಂಬ ಹಿಡಿದುಕೊಂಡು ಬಿಕ್ಕಿದಳು. "ನೀವೇ ಹಾಕಿ ಅಂದಿದ್ರಿ. ಆಗ್ಲಿ ಅಂದು ನಾನು ಹಾಕ್ಲಿಲ್ಲ. ತಪ್ಪು ಅತ್ತೇದಲ್ಲ, ನಂದು. ಬಯ್ಯಿರಿ… ಸುಮ್ನಿರ್ಬೇಡಿ!"

ಅವನು ಬೈಯಲಿಲ್ಲ. ಎದ್ದು ಬಂದು ಅವಳ ಎದುರು ನಿಂತ. "ಅಂಬುಜ," ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಗುಬ್ಬೀಲಿ ಶೆಡ್ಡಿನ ಹತ್ರ ಒಂದು ಮನೆ ನೋಡಿದೀನಿ. ಮೇಷ್ಟ್ರ ಮಂಚ ಹಾಕೋಕೆ ಕಿಟಕಿ ಪಕ್ಕ ಜಾಗ ಇದೆ. ಅಲಮೇಲಮ್ಮನ ಮಡಿಗೆ ಬೇರೆ ಒಲೆ ಇದೆ. ಯಾರನ್ನೂ ಬಿಟ್ಟು ಬನ್ನಿ ಅಂತ ನಾನು ಕೇಳಲ್ಲ."

ಅಂಬುಜ ಅಪ್ಪನ ಕಡೆ ನೋಡಿದಳು. ಅಪ್ಪ ಎಚ್ಚರವಾಗಿದ್ದರು. ಇಬ್ಬರನ್ನೂ ನೋಡುತ್ತಿದ್ದರು.

ಪಟ್ಟಾಭಿ ಬಗ್ಗಿ ಸ್ವಿಚ್ಚು ಹಾಕಿದ.

"ಏನು ಕೇಳಿಸ್ತು?"

"ಏನೂ ಇಲ್ಲ…" ಎಂದಳು. ಕಣ್ಣೀರಿನ ನಡುವೆಯೇ ಸಣ್ಣ ನಗು ಬಂತು.

ಪ್ಲೇಟು ಇನ್ನೂ ಹಾಕಿರಲಿಲ್ಲ. ಆದರೂ ಮಂಚದ ಪಟ್ಟಿಯ ಮೇಲೆ ಮೇಷ್ಟ್ರ ಬೆರಳು ಎದ್ದಿತು. ಟಕ್, ಟಕ್ ಎಂದು ತಾಳ ಹಾಕತೊಡಗಿತು.

ಪಟ್ಟಾಭಿ ಪ್ಲೇಟು ಕೈಗೆತ್ತಿಕೊಂಡ.

"ಗುಬ್ಬೀಲಿ ಮನೆಗೆ ಕರೆಂಟಿದೆ," ಎಂದ ಅವನು ಮೆಲ್ಲಗೆ. "ಬೇಕಾದ್ರೆ ಕರೆಂಟ್ ಸೆಟ್ಟೇ ಮಾಡ್ಬಹುದು. ಬ್ಯಾಟರಿ ಹೊರೋ ಗೋಳಿರಲ್ಲ."

"ಬೇಡ. ಗುಂಯ್ ಅನ್ನತ್ತೆ ಅಂದಿದ್ರಲ್ಲ."

"ಹಾಗಾದ್ರೆ ನಾನು ಜೀವಮಾನ ಪೂರ್ತಿ ಬ್ಯಾಟರಿ ಹೊರಬೇಕು."

"ಹೊರ್ರಿ," ಎಂದಳು ಅಂಬುಜ, ಅವನ ತೂತು ಬಿದ್ದ ತೋಳನ್ನು ಬೆರಳ ತುದಿಯಿಂದ ಮುಟ್ಟಿ. "ನೀರು ಮಾತ್ರ… ಈ ಸಲ ನಾನೇ ಹಾಕ್ತೀನಿ."